ವಿಚ್ಛೇದನಕ್ಕೆ ಎಷ್ಟು ಕಾಲ? ನೋಟಿಸು ಮುಟ್ಟಿದ ದಿನದಿಂದ ಎಣಿಸಬೇಕು

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನ ಹಳ್ಳಿಯವಳು. ಏಳು ವರ್ಷಗಳ ಹಿಂದೆ ಸಿಂಧನೂರಿನಲ್ಲಿಯೇ ಮದುವೆಯಾಯಿತು. ಗಂಡನ ಊರು ಆಂಧ್ರದ ಆದೋನಿ ಕಡೆ. ಕುಡಿತ, ಹೊಡೆತ ತಾಳಲಾರದೆ ಎರಡೂವರೆ ವರ್ಷದಿಂದ ಐದು ವರ್ಷದ ಮಗನೊಂದಿಗೆ ತವರಿನಲ್ಲಿದ್ದೇನೆ. ಹಿರಿಯರು ಮೂರು ಸಲ ಪಂಚಾಯ್ತಿ ಮಾಡಿದರೂ ಸರಿಹೋಗಲಿಲ್ಲ. ಅವರು ಈಗ ಬೆಂಗಳೂರಿನಲ್ಲಿ ದುಡಿಯುತ್ತಿದ್ದಾರೆ ಎನ್ನುತ್ತಾರೆ; ವಿಳಾಸ ಗೊತ್ತಿಲ್ಲ. ಒಮ್ಮೆ ಫೋನಿನಲ್ಲಿ, ದುಡ್ಡು ಕೇಳದಿದ್ದರೆ ಬಿಡುಗಡೆಗೆ ಒಪ್ಪುತ್ತೇನೆ ಎಂದರು. ವಿಚ್ಛೇದನಕ್ಕೆ ಆರು ತಿಂಗಳು ಸಾಕೆಂದು ಒಬ್ಬರು, ಆರು ವರ್ಷವಾದರೂ ಮುಗಿಯದೆಂದು ಮತ್ತೊಬ್ಬರು ಹೇಳುತ್ತಾರೆ. ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು ಮುಗಿಸಿಬಿಡು ಎಂಬುದು ಹಿರಿಯರ ಮಾತು. ನಿಜವಾಗಿ ಎಷ್ಟು ಕಾಲ ಬೇಕಾಗುತ್ತದೆ?

ಉತ್ತರ: ನಿಮಗೆ ಆರು ತಿಂಗಳು ಎಂದವರೂ ಆರು ವರ್ಷ ಎಂದವರೂ ಸುಳ್ಳು ಹೇಳಿಲ್ಲ, ಇಬ್ಬರೂ ತಾವು ಕಣ್ಣಾರೆ ಕಂಡ ಬೇರೆ ಬೇರೆ ಪ್ರಕರಣಗಳನ್ನು ನೆನೆದು ಮಾತನಾಡಿದ್ದಾರೆ. ಗಂಡ ಹೆಂಡತಿ ಇಬ್ಬರೂ ಒಪ್ಪಿ ಸಲ್ಲಿಸಿದ ಅರ್ಜಿ, ನಿಮ್ಮ ಹಾಗೆ ಈಗಾಗಲೇ ದೀರ್ಘಕಾಲ ಬೇರೆಯಾಗಿ ಬಾಳುತ್ತಿರುವವರ ವಿಷಯದಲ್ಲಿ, ಎರಡು ಮೂರು ತಿಂಗಳಲ್ಲಿಯೂ ಮುಗಿಯಬಹುದು. ಒಬ್ಬರೇ ಅರ್ಜಿ ಸಲ್ಲಿಸಿ ಇನ್ನೊಬ್ಬರು ಕೊನೆಯವರೆಗೂ ವಿರೋಧಿಸಿದ ಪ್ರಕರಣಗಳು ನಮ್ಮ ಭಾಗದಲ್ಲಿ ಎರಡರಿಂದ ನಾಲ್ಕು ವರ್ಷ ಹಿಡಿಯುವುದನ್ನು ನಾನು ಸಾಮಾನ್ಯವಾಗಿ ಕಂಡಿದ್ದೇನೆ. ಮೇಲ್ಮನವಿಯಾದರೆ ಅದರ ಮೇಲೆ ಇನ್ನೂ ಕೆಲವು ವರ್ಷಗಳು ಸೇರುತ್ತವೆ. ನಿಮ್ಮ ಪ್ರಕರಣ ಇವೆರಡರಲ್ಲಿ ಯಾವ ದಾರಿ ಹಿಡಿಯುತ್ತದೆ ಎಂಬುದು ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ ಸಂಗತಿಯ ಮೇಲೆ, ಅಂದರೆ ಗಂಡನ ವಿಳಾಸ ಗೊತ್ತಿಲ್ಲ ಎಂಬುದರ ಮೇಲೆ, ಬಹಳಮಟ್ಟಿಗೆ ನಿಂತಿದೆ.

ನಿಮ್ಮದು ಹಿಂದೂ ವಿವಾಹ ಕಾಯ್ದೆ, 1955ರ ಅಡಿಯಲ್ಲಿ ಬರುವ ಮದುವೆ ಎಂದು ಭಾವಿಸಿ ಉತ್ತರಿಸುತ್ತಿದ್ದೇನೆ. ಈ ಕಾಯ್ದೆಯ 21-ಬಿ ಕಲಮು, ವಿಚಾರಣೆಯನ್ನು ಸಾಧ್ಯವಾದಷ್ಟು ದಿನದಿಂದ ದಿನಕ್ಕೆ ನಡೆಸಬೇಕು, ಎದುರುದಾರರಿಗೆ ನೋಟಿಸು ಜಾರಿಯಾದ ದಿನದಿಂದ ಆರು ತಿಂಗಳೊಳಗೆ ಮುಗಿಸಲು ಪ್ರಯತ್ನಿಸಬೇಕು ಎಂದು ಹೇಳುತ್ತದೆ. ಆರು ತಿಂಗಳು ಎಂಬ ಮಾತು ಜನರ ಬಾಯಲ್ಲಿ ಉಳಿದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಆದರೆ ಈ ಸಾಲನ್ನು ಎರಡು ಸಲ ಓದಬೇಕು. ಕಾಯ್ದೆ ಹೇಳುವುದು ಪ್ರಯತ್ನಿಸಬೇಕು ಎಂದು ಮಾತ್ರ. ಅವಧಿ ಮೀರಿತೆಂದು ಅರ್ಜಿ ಬಿದ್ದುಹೋಗುವುದಿಲ್ಲ, ತಾನಾಗಿ ವಿಚ್ಛೇದನ ಸಿಗುವುದೂ ಇಲ್ಲ. ಎರಡನೆಯದಾಗಿ, ಎಣಿಕೆ ಆರಂಭವಾಗುವುದು ಅರ್ಜಿ ಹಾಕಿದ ದಿನದಿಂದಲ್ಲ, ನೋಟಿಸು ಮುಟ್ಟಿದ ದಿನದಿಂದ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟು 60 ದಿನಗಳಲ್ಲಿ ತೀರ್ಮಾನಿಸಬೇಕೆನ್ನುವ 24ನೇ ಕಲಮು ಕೂಡ ಅದೇ ದಿನದಿಂದ ಎಣಿಸುತ್ತದೆ. ನೋಟಿಸು ಮುಟ್ಟುವವರೆಗಿನ ತಿಂಗಳುಗಳು ಕಾನೂನಿನ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಆದರೆ ಅರ್ಜಿದಾರಳ ಬದುಕಿನಿಂದ ಅವು ಕಳೆದುಹೋಗಿರುತ್ತವೆ.

ನಮ್ಮ ಜಿಲ್ಲೆಗಳಲ್ಲಿ ಇದು ಸಣ್ಣ ಮಾತಲ್ಲ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋಗುತ್ತದೆ. ಗುಳೆ ಹೋದವನ ಆಧಾರ್ ಕಾರ್ಡಿನಲ್ಲಿ ಹಳ್ಳಿಯ ವಿಳಾಸವಿರುತ್ತದೆ. ಆತ ಇರುವುದು ಯಾವುದೋ ಕಟ್ಟಡದ ಕೆಲಸದ ಶೆಡ್ಡಿನಲ್ಲಿ. ಹಳ್ಳಿಯ ವಿಳಾಸಕ್ಕೆ ಹೋದ ಅಂಚೆ 'ಊರಿನಲ್ಲಿಲ್ಲ' ಎಂಬ ಷರಾದೊಂದಿಗೆ ಹಿಂದಿರುಗುತ್ತದೆ, ಮುಂದಿನ ವಾಯಿದೆಗೆ ಹೊಸ ನೋಟಿಸು ಹೊರಡುತ್ತದೆ, ಹೀಗೆ ಒಂದೊಂದು ಸುತ್ತಿಗೆ ಒಂದೂವರೆ ಎರಡು ತಿಂಗಳು ಸರಿಯುತ್ತದೆ. ವಕೀಲ ವೃತ್ತಿಯ ಮೊದಲ ವರ್ಷಗಳಲ್ಲಿ ಮಾನ್ವಿ ಕಡೆಯ ಹೆಣ್ಣುಮಗಳೊಬ್ಬಳ ಪ್ರಕರಣದಲ್ಲಿ, ಲಗ್ನಪತ್ರಿಕೆಯಲ್ಲಿದ್ದ ವಿಳಾಸವನ್ನೇ ಅರ್ಜಿಯಲ್ಲಿ ಬರೆದು ನಾನು ಸುಮ್ಮನಾಗಿದ್ದೆ. ನೋಟಿಸು ಮೂರು ಸಲ ಹಿಂದೆ ಬಂತು. ಪ್ರತಿ ವಾಯಿದೆಗೂ ಆಕೆಯ ತಂದೆ ಹತ್ತಿ ಬಿಡಿಸುವ ಕೆಲಸ ಬಿಟ್ಟು ಬಸ್ಸು ಹತ್ತಿ ಬಂದು, ಸಂಜೆ ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. ಎಂಟು ತಿಂಗಳು ಹಾಗೆ ಹೋದವು, ಮತ್ತು ಆ ಎಂಟು ತಿಂಗಳ ಹೊಣೆ ನನ್ನದೇ. ಅಂದಿನಿಂದ ವಿಳಾಸ ಖಚಿತವಾಗುವವರೆಗೆ ನಾನು ಅರ್ಜಿಗೆ ಸಹಿ ಹಾಕಿಸುವುದಿಲ್ಲ.

ಆದ್ದರಿಂದ ನೀವು ಮೊದಲು ಮಾಡಬೇಕಾದ ಕೆಲಸ ವಕೀಲರ ಕಚೇರಿಯಲ್ಲಿಲ್ಲ, ನಿಮ್ಮ ಬಂಧುಬಳಗದಲ್ಲಿದೆ. ನಿಮ್ಮ ಗಂಡ ಬೆಂಗಳೂರಿನಲ್ಲಿ ಯಾರ ಬಳಿ, ಯಾವ ಬಡಾವಣೆಯಲ್ಲಿ ದುಡಿಯುತ್ತಾರೆ, ಜೊತೆಗಿರುವ ಊರಿನವರು ಯಾರು, ಯುಗಾದಿಗೆ ಅಥವಾ ಊರ ಜಾತ್ರೆಗೆ ಯಾವಾಗ ಬರುತ್ತಾರೆ ಎಂಬುದನ್ನು ತಿಳಿದುಕೊಳ್ಳಿ. ಅರ್ಜಿಯಲ್ಲಿ ಆದೋನಿ ಕಡೆಯ ಮನೆಯ ವಿಳಾಸ, ಬೆಂಗಳೂರಿನ ವಿಳಾಸ, ಕೆಲಸದ ಸ್ಥಳದ ವಿಳಾಸ, ಮೊಬೈಲ್ ಸಂಖ್ಯೆ ಎಲ್ಲವನ್ನೂ ಬರೆಸಿ, ಎಲ್ಲ ವಿಳಾಸಗಳಿಗೂ ಒಟ್ಟಿಗೇ ನೋಟಿಸು ಹೊರಡುವಂತೆ ನೋಡಿಕೊಳ್ಳಿ. ನೋಟಿಸಿನ ಶುಲ್ಕವನ್ನು, ಅಂದರೆ ನ್ಯಾಯಾಲಯದಲ್ಲಿ ಪ್ರೊಸೆಸ್ ಫೀ ಎಂದು ಕರೆಯುವುದನ್ನು, ಆದೇಶವಾದ ವಾರದೊಳಗೆ ಕಟ್ಟಿದ್ದಾರೆಯೇ ಎಂದು ವಕೀಲರನ್ನು ಕೇಳಲು ಸಂಕೋಚಪಡಬೇಡಿ; ಆ ಸಣ್ಣ ಮೊತ್ತ ಕಟ್ಟದ ಕಾರಣಕ್ಕೇ ವಾಯಿದೆಗಳು ವ್ಯರ್ಥವಾಗುವುದನ್ನು ನಾನು ಎಣಿಸಲಾರದಷ್ಟು ಸಲ ಕಂಡಿದ್ದೇನೆ. ಆಂಧ್ರದ ವಿಳಾಸಕ್ಕೆ ಹೋಗುವ ನೋಟಿಸು ಅಲ್ಲಿನ ನ್ಯಾಯಾಲಯದ ಮೂಲಕ ಜಾರಿಯಾಗಬೇಕಾಗಿ ಬರಬಹುದು, ಆದ್ದರಿಂದ ಅರ್ಜಿಯ ಇಂಗ್ಲಿಷ್ ಅನುವಾದವನ್ನು ಮೊದಲೇ ಸಿದ್ಧವಿಟ್ಟುಕೊಳ್ಳುವುದು ಒಳ್ಳೆಯದು. ಎಷ್ಟು ಪ್ರಯತ್ನಿಸಿದರೂ ಎದುರುದಾರರು ಸಿಗದಿದ್ದರೆ ಅಥವಾ ತಪ್ಪಿಸಿಕೊಳ್ಳುತ್ತಿದ್ದರೆ, ಮನೆಯ ಬಾಗಿಲಿಗೆ ಅಂಟಿಸುವ ಅಥವಾ ಪತ್ರಿಕೆಯಲ್ಲಿ ಪ್ರಕಟಿಸುವ ಬದಲಿ ಜಾರಿಗೆ ನ್ಯಾಯಾಲಯ ಅನುಮತಿ ಕೊಡುತ್ತದೆ. ಅದಾದ ಮೇಲೂ ಅವರು ಹಾಜರಾಗದಿದ್ದರೆ ಪ್ರಕರಣ ಏಕಪಕ್ಷೀಯವಾಗಿ ಸಾಗುತ್ತದೆ. ಆಗಲೂ ನೀವು ಸಾಕ್ಷ್ಯ ಕೊಟ್ಟು ಆರೋಪವನ್ನು ರುಜುವಾತುಪಡಿಸಲೇಬೇಕು.

ಏಕಪಕ್ಷೀಯ ಡಿಕ್ರಿ, ಅಂದರೆ ನ್ಯಾಯಾಲಯದ ಅಂತಿಮ ಆದೇಶ, ಬೇಗ ಸಿಗುತ್ತದೆಂದು, ಗೊತ್ತಿರುವ ವಿಳಾಸವನ್ನು ಮುಚ್ಚಿಟ್ಟು ತಪ್ಪು ವಿಳಾಸ ಕೊಡಿ ಎಂದು ಸಲಹೆ ಕೊಡುವವರು ಸಿಕ್ಕರೆ ಅವರಿಂದ ದೂರವಿರಿ. ನೋಟಿಸು ಸರಿಯಾಗಿ ಜಾರಿಯಾಗಿರಲಿಲ್ಲ ಎಂದು ತೋರಿಸಿದರೆ, ಡಿಕ್ರಿಯ ವಿಷಯ ತಿಳಿದ 30 ದಿನಗಳೊಳಗೆ ಅದನ್ನು ರದ್ದುಪಡಿಸಲು ನಿಮ್ಮ ಗಂಡ ಅರ್ಜಿ ಹಾಕಬಹುದು. ಆಗ ಪ್ರಕರಣ ಮತ್ತೆ ಮೊದಲ ಮೆಟ್ಟಿಲಿಗೆ ಬರುತ್ತದೆ. ನಡುವೆ ನಿಮಗೆ ಮರುಮದುವೆಯಾಗಿದ್ದರಂತೂ ಆ ಸಂಕಟಕ್ಕೆ ಕೊನೆಯಿರುವುದಿಲ್ಲ.

ಎಲ್ಲಿ ಅರ್ಜಿ ಸಲ್ಲಿಸಬೇಕು ಎಂಬುದಕ್ಕೂ ಕಾಲಕ್ಕೂ ಸಂಬಂಧವಿದೆ. ಮದುವೆ ನಡೆದ ಸ್ಥಳ, ಎದುರುದಾರರು ವಾಸಿಸುವ ಸ್ಥಳ, ದಂಪತಿ ಕೊನೆಯದಾಗಿ ಒಟ್ಟಿಗಿದ್ದ ಸ್ಥಳ ಇವುಗಳ ಜೊತೆಗೆ, 2003ರ ತಿದ್ದುಪಡಿಯಿಂದ, ಅರ್ಜಿದಾರಳಾದ ಹೆಂಡತಿ ಈಗ ವಾಸಿಸುತ್ತಿರುವ ಸ್ಥಳದ ನ್ಯಾಯಾಲಯಕ್ಕೂ ಅಧಿಕಾರವಿದೆ. ಬಳ್ಳಾರಿ ಮತ್ತು ರಾಯಚೂರು ನಗರಗಳಲ್ಲಿ ಕೌಟುಂಬಿಕ ನ್ಯಾಯಾಲಯಗಳಿವೆ. ಅವುಗಳ ವ್ಯಾಪ್ತಿಗೆ ಒಳಪಡದ ತಾಲೂಕುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಈ ಪ್ರಕರಣಗಳನ್ನು ನಡೆಸುತ್ತಾರೆ. ಅಂದರೆ ನೀವು ಆದೋನಿಗಾಗಲಿ ಬೆಂಗಳೂರಿಗಾಗಲಿ ಅಲೆಯಬೇಕಾಗಿಲ್ಲ. ಆದರೆ ನಿಮಗಿಂತ ಮೊದಲು ಅವರೇ ಆದೋನಿಯಲ್ಲಿ ಅರ್ಜಿ ಹಾಕಿಬಿಟ್ಟರೆ, ಅದನ್ನು ಕರ್ನಾಟಕಕ್ಕೆ ವರ್ಗಾಯಿಸಲು ನೀವು ಸುಪ್ರೀಂ ಕೋರ್ಟಿಗೇ ಹೋಗಬೇಕು, ಏಕೆಂದರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಪ್ರಕರಣವನ್ನು ವರ್ಗಾಯಿಸುವ ಅಧಿಕಾರ ಇರುವುದು ಆ ನ್ಯಾಯಾಲಯಕ್ಕೆ. ಹೆಂಡತಿಯ ಅನುಕೂಲಕ್ಕೆ ಅಲ್ಲಿ ಸಾಮಾನ್ಯವಾಗಿ ಹೆಚ್ಚು ಮಹತ್ವ ಸಿಗುತ್ತದೆ, ಆದರೂ ತಿಂಗಳುಗಳು ಕಳೆಯುತ್ತವೆ. ಸಿರುಗುಪ್ಪದಿಂದ ರಾಯಚೂರಿನವರೆಗೆ ಗಡಿಯಾಚೆಗೆ ಹೆಣ್ಣು ಕೊಟ್ಟು ತರುವುದು ತಲೆಮಾರುಗಳಿಂದ ನಡೆದುಬಂದಿದೆ. ಸಂಬಂಧ ಮುರಿದಾಗ ಮಾತ್ರ ಆ ಗಡಿ ಒಮ್ಮೆಲೇ ಎತ್ತರವಾಗಿ ಕಾಣುತ್ತದೆ.

ಈಗ ಪರಸ್ಪರ ಒಪ್ಪಿಗೆಯ ದಾರಿಗೆ ಬರೋಣ. ನಿಮ್ಮ ಪತ್ರ ಓದಿದಾಗ ನನಗೆ ಹೆಚ್ಚು ಭರವಸೆ ಮೂಡಿಸಿದ್ದು ಇದು. 13-ಬಿ ಕಲಮಿನ ಅಡಿ ಕನಿಷ್ಠ ಒಂದು ವರ್ಷದಿಂದ ಬೇರೆಯಾಗಿ ಬಾಳುತ್ತಿರುವ ದಂಪತಿ ಜಂಟಿಯಾಗಿ ಅರ್ಜಿ ಸಲ್ಲಿಸಬಹುದು. ಅದಾದ ಆರು ತಿಂಗಳ ನಂತರ, ಹದಿನೆಂಟು ತಿಂಗಳ ಒಳಗೆ, ಇಬ್ಬರೂ ಮತ್ತೆ ನ್ಯಾಯಾಲಯದ ಮುಂದೆ ತಮ್ಮ ಒಪ್ಪಿಗೆಯನ್ನು ಖಚಿತಪಡಿಸಿದರೆ ಡಿಕ್ರಿಯಾಗುತ್ತದೆ. ಹೀಗೆ ಸಾಗಿದರೆ ಒಟ್ಟು ಏಳೆಂಟು ತಿಂಗಳು. ಆದರೆ ಈ ಆರು ತಿಂಗಳ ಕಾಯುವಿಕೆ ಕಡ್ಡಾಯವಲ್ಲ, ಸೂಕ್ತ ಪ್ರಕರಣಗಳಲ್ಲಿ ನ್ಯಾಯಾಲಯ ಅದನ್ನು ಮನ್ನಾ ಮಾಡಬಹುದು ಎಂದು 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಅದಕ್ಕೆ ಹೇಳಿದ ಮುಖ್ಯ ಷರತ್ತುಗಳು ಇವು: ಮೊದಲ ಅರ್ಜಿಗೂ ಮುಂಚೆಯೇ ಒಂದು ವರ್ಷ ಹಾಗೂ ಆರು ತಿಂಗಳ ಬೇರ್ಪಟ್ಟ ಅವಧಿ ತುಂಬಿರಬೇಕು, ರಾಜಿ ಸಂಧಾನದ ಪ್ರಯತ್ನಗಳು ವಿಫಲವಾಗಿರಬೇಕು, ಜೀವನಾಂಶ, ಮಗುವಿನ ಪಾಲನೆ ಮುಂತಾದವು ನಿಜವಾಗಿ ಇತ್ಯರ್ಥವಾಗಿರಬೇಕು, ಇನ್ನೂ ಕಾಯುವುದರಿಂದ ಇಬ್ಬರ ಸಂಕಟವಷ್ಟೇ ಹಿಗ್ಗುವಂತಿರಬೇಕು. ಮನ್ನಾ ಕೋರುವ ಅರ್ಜಿಯನ್ನು ಜಂಟಿ ಅರ್ಜಿ ಸಲ್ಲಿಸಿದ ಒಂದು ವಾರದ ನಂತರ ಹಾಕಬಹುದು. ನೀವು ಬೇರೆಯಾಗಿ ಎರಡೂವರೆ ವರ್ಷವಾಗಿರುವುದರಿಂದ ಮೊದಲ ಷರತ್ತು ಈಗಾಗಲೇ ಪೂರ್ಣಗೊಂಡಿದೆ. ಉಳಿದಿರುವುದು ಹಣ ಮತ್ತು ಮಗನ ವಿಷಯದ ಇತ್ಯರ್ಥ.

ಅಲ್ಲಿಯೇ ನಿಮ್ಮನ್ನು ಎಚ್ಚರಿಸಬೇಕಾಗಿದೆ. 'ದುಡ್ಡು ಕೇಳದಿದ್ದರೆ ಒಪ್ಪುತ್ತೇನೆ' ಎಂಬ ಮಾತಿಗೆ ಬೇಗ ಬಿಡುಗಡೆ ಸಿಗಲೆಂಬ ಆಸೆಯಿಂದ ತಲೆಯಾಡಿಸಬೇಡಿ. ನಿಮ್ಮ ಪಾಲಿನ ಜೀವನಾಂಶವನ್ನು ಎಷ್ಟಕ್ಕೆ ಒಪ್ಪಬೇಕು ಎಂಬುದು ನಿಮ್ಮ ನಿರ್ಧಾರ, ಆದರೆ ಮಗನ ಪಾಲನೆಯ ವೆಚ್ಚ ಮಗನ ಹಕ್ಕು. ಅದನ್ನು ತಾಯಿ ಬಿಟ್ಟುಕೊಟ್ಟೆನೆಂದು ಬರೆದುಕೊಟ್ಟರೂ ಮಗನ ಹಕ್ಕು ಅಳಿಯುವುದಿಲ್ಲ. ಒಪ್ಪಂದದಲ್ಲಿ ಒಟ್ಟು ಮೊತ್ತ, ಅದು ಯಾವ ದಿನ ಯಾವ ರೂಪದಲ್ಲಿ ಬರಬೇಕು, ಮಗ ಯಾರ ಬಳಿ ಇರುತ್ತಾನೆ, ತಂದೆ ಯಾವಾಗ ನೋಡಬಹುದು, ಮದುವೆಯಲ್ಲಿ ನಿಮಗೆ ಹಾಕಿದ ಬಂಗಾರ ಮತ್ತು ಕೊಟ್ಟ ಸಾಮಾನು ಏನೇನು ಹಿಂದಿರುಗಬೇಕು ಎಂಬುದೆಲ್ಲ ಸ್ಪಷ್ಟವಾಗಿರಲಿ. ಡಿಕ್ರಿಯಾಗುವವರೆಗೆ ಇಬ್ಬರಲ್ಲಿ ಯಾರಾದರೂ ಒಪ್ಪಿಗೆಯನ್ನು ಹಿಂಪಡೆಯಬಹುದು ಎಂದು 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಹಣದ ಒಂದು ಭಾಗ ಜಂಟಿ ಅರ್ಜಿಯ ದಿನ, ಉಳಿದದ್ದು ಎರಡನೆಯ ಹೇಳಿಕೆಯ ದಿನ ನ್ಯಾಯಾಧೀಶರ ಮುಂದೆಯೇ ಡಿಮ್ಯಾಂಡ್ ಡ್ರಾಫ್ಟ್ ರೂಪದಲ್ಲಿ ಕೈಸೇರುವಂತೆ ಮಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ. ನೀವು ಪೊಲೀಸ್ ಠಾಣೆಯಲ್ಲಿ ದೌರ್ಜನ್ಯದ ದೂರು ದಾಖಲಿಸಿದ್ದರೆ, ಅದು ರಾಜಿಯ ನಂತರ ತಾನಾಗಿ ಮುಗಿಯುವುದಿಲ್ಲ. ಅದನ್ನು ರದ್ದುಪಡಿಸಲು ಹೈಕೋರ್ಟಿನ ಆದೇಶ ಬೇಕಾಗುತ್ತದೆ, ಅದಕ್ಕೆ ಪ್ರತ್ಯೇಕ ಕಾಲ ಹಿಡಿಯುತ್ತದೆ.

ಅವರು ಒಪ್ಪದಿದ್ದರೆ ನೀವು 13ನೇ ಕಲಮಿನ ಅಡಿ ಕ್ರೌರ್ಯದ ಆಧಾರದ ಮೇಲೆ ಅರ್ಜಿ ಹಾಕಬೇಕು. ಸತತ ಎರಡು ವರ್ಷದ ಪರಿತ್ಯಾಗವೂ ಒಂದು ಆಧಾರ. ಮನೆ ಬಿಟ್ಟು ಬಂದವರು ನೀವೇ ಆದ್ದರಿಂದ, ಅವರ ನಡತೆಯೇ ನಿಮ್ಮನ್ನು ಹೊರಗೆ ನೂಕಿತು ಎಂಬುದನ್ನು ತೋರಿಸಬೇಕಾಗುತ್ತದೆ. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂಬುದೊಂದೇ ಸಾಲದೇ ಎಂದು ಅನೇಕರು ಕೇಳುತ್ತಾರೆ. 2023ರ ಮೇ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ಕಾರಣಕ್ಕೆ ವಿಚ್ಛೇದನ ನೀಡಬಹುದೆಂದು ಹೇಳಿದ್ದು ನಿಜ, ಆದರೆ ಅದು ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ ಇರುವ ಅಧಿಕಾರ. ಸಿಂಧನೂರಿನ ಅಥವಾ ರಾಯಚೂರಿನ ನ್ಯಾಯಾಲಯಕ್ಕೆ ಅದಿಲ್ಲ.

ವಿರೋಧವಿರುವ ಪ್ರಕರಣದಲ್ಲಿ ನೋಟಿಸಿನ ನಂತರ ಹಂತಗಳು ಹೀಗೆ ಸಾಗುತ್ತವೆ: ಅವರು ವಕೀಲರನ್ನು ನೇಮಿಸುತ್ತಾರೆ, ನ್ಯಾಯಾಧೀಶರು ಮಧ್ಯಸ್ಥಿಕೆಗೆ ಕಳುಹಿಸುತ್ತಾರೆ, ಅದು ಫಲಿಸದಿದ್ದರೆ ತಕರಾರು ಸಲ್ಲಿಕೆಯಾಗುತ್ತದೆ, ವಿವಾದಾಂಶಗಳು ರೂಪುಗೊಳ್ಳುತ್ತವೆ, ನಿಮ್ಮ ಸಾಕ್ಷ್ಯ, ಪಾಟೀ ಸವಾಲು (ಸಾಕ್ಷಿಯನ್ನು ಎದುರು ವಕೀಲರು ಪ್ರಶ್ನಿಸುವುದು), ಅವರ ಸಾಕ್ಷ್ಯ, ಅದರ ಪಾಟೀ ಸವಾಲು, ವಾದ, ತೀರ್ಪು. ಇದರಲ್ಲಿ ಮಧ್ಯಸ್ಥಿಕೆಯನ್ನು ಕಾಲಹರಣವೆಂದು ಎಣಿಸಬೇಡಿ. ಒಂದಾಗಿ ಬಾಳಲು ಆಗದವರು ಕೂಡ ಅಲ್ಲಿ ಹಣ ಮತ್ತು ಮಗುವಿನ ವಿಷಯ ಬಗೆಹರಿಸಿಕೊಂಡು, ವಿರೋಧದ ಅರ್ಜಿಯನ್ನೇ ಪರಸ್ಪರ ಒಪ್ಪಿಗೆಯ ಅರ್ಜಿಯಾಗಿ ಬದಲಿಸಿಕೊಳ್ಳುವುದುಂಟು. ನನ್ನ ಕೈಯಲ್ಲಿ ಬೇಗ ಮುಗಿದ ಪ್ರಕರಣಗಳಲ್ಲಿ ಹೆಚ್ಚಿನವು ಹೀಗೆ ಮುಗಿದಂಥವು. ಅತಿ ಹೆಚ್ಚು ಕಾಲ ತಿನ್ನುವುದು ಪಾಟೀ ಸವಾಲಿನ ಹಂತ: ಒಂದು ದಿನ ಎದುರು ವಕೀಲರು ಸಮಯ ಕೇಳುತ್ತಾರೆ, ಇನ್ನೊಂದು ದಿನ ನ್ಯಾಯಾಧೀಶರ ವರ್ಗಾವಣೆಯಾಗಿರುತ್ತದೆ, ಮತ್ತೊಂದು ದಿನ ನಿಮ್ಮ ಸಾಕ್ಷಿ ಭತ್ತದ ಕೊಯ್ಲು ಬಿಟ್ಟು ಬರಲಾರದೆ ಉಳಿಯುತ್ತಾರೆ, ಅಷ್ಟರಲ್ಲಿ ಬೇಸಿಗೆ ರಜೆ ಬರುತ್ತದೆ. ಹತ್ತು ಸಾಕ್ಷಿಗಳನ್ನು ಹೆಸರಿಸಿ ಎಂಟು ಜನರನ್ನು ಕರೆತರಲಾಗದೆ ತೊಳಲಾಡುವುದಕ್ಕಿಂತ, ಹೊಡೆತದ ಗುರುತು ಕಂಡ ತಾಯಿ ಅಥವಾ ಅಣ್ಣ, ಪಂಚಾಯ್ತಿಯಲ್ಲಿ ಕೂತ ಒಬ್ಬ ಹಿರಿಯರು, ಆಸ್ಪತ್ರೆಯ ಚೀಟಿ ಇಷ್ಟನ್ನು ಗಟ್ಟಿಯಾಗಿ ಇಟ್ಟುಕೊಂಡವರ ಪ್ರಕರಣ ಬೇಗ ಸಾಗುತ್ತದೆ. ಹೆಂಡತಿ ಮರಳಿ ಬರಲಿ ಎಂದು ಅವರು 9ನೇ ಕಲಮಿನ ಅಡಿ ಎದುರು ಅರ್ಜಿ ಹಾಕಿದರೆ, ಎರಡನ್ನೂ ಒಟ್ಟಿಗೆ ವಿಚಾರಣೆ ಮಾಡಲು ನಿಮ್ಮ ವಕೀಲರು ಆಗಲೇ ಕೋರಬೇಕು.

ಈ ಕಾಲವೆಲ್ಲ ನೀವು ಬರಿಗೈಯಲ್ಲಿ ಕಾಯಬೇಕಾಗಿಲ್ಲ. ಮುಖ್ಯ ಅರ್ಜಿಯ ಜೊತೆಯಲ್ಲೇ ಮಧ್ಯಂತರ ಜೀವನಾಂಶದ ಅರ್ಜಿಯನ್ನು, ನಿಮ್ಮ ಆದಾಯ ಮತ್ತು ಆಸ್ತಿಯ ಪ್ರಮಾಣಪತ್ರದೊಂದಿಗೆ, ಅಂದರೆ ಅಫಿಡವಿಟ್ಟಿನೊಂದಿಗೆ, ಸಲ್ಲಿಸಿ. ಇಬ್ಬರೂ ಇಂಥ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಹಾಕಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ನಿರ್ದೇಶನ ನೀಡಿದೆ. ಹೀಗಾಗಿ ಎದುರುದಾರರು ವಾಯಿದೆ ಎಳೆದಷ್ಟೂ ಅವರ ಬಾಕಿ ಬೆಳೆಯುತ್ತದೆ. ಎಳೆದಾಡುವವರನ್ನು ಮಾತುಕತೆಯ ಮೇಜಿಗೆ ತರುವಲ್ಲಿ ಇದಕ್ಕಿಂತ ಪರಿಣಾಮಕಾರಿಯಾದುದನ್ನು ನಾನು ಕಂಡಿಲ್ಲ. ವಕೀಲರ ಶುಲ್ಕದ ಚಿಂತೆಯೂ ಬೇಡ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಅಥವಾ ತಾಲೂಕು ಕಾನೂನು ಸೇವೆಗಳ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟರೆ ಸಾಕು, 15100 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು.

ಬಾಂಡ್ ಪೇಪರಿನ ವಿಷಯ. ನಮ್ಮ ಕಡೆ ಕೆಲವು ಸಮುದಾಯಗಳಲ್ಲಿ ಹಿರಿಯರ ಮುಂದೆ ಸೋಡಚೀಟಿ, ಅಂದರೆ ಮದುವೆ ಬಿಡುಗಡೆಯ ಪತ್ರ, ಬರೆಸಿಕೊಳ್ಳುವ ರೂಢಿ ಇದೆ, ಮತ್ತು ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಕಾಯ್ದೆಯ 29ನೇ ಕಲಮು ಉಳಿಸಿಕೊಂಡಿದೆ. ಆದರೆ ಆ ರೂಢಿ ನಿಮ್ಮ ಸಮುದಾಯದಲ್ಲಿ ಬಹುಕಾಲದಿಂದ ಅವಿಚ್ಛಿನ್ನವಾಗಿ ನಡೆದುಬಂದಿದೆ ಎಂಬುದನ್ನು ಪ್ರಶ್ನೆ ಬಂದ ದಿನ ಸಾಕ್ಷ್ಯದಿಂದ ರುಜುವಾತುಪಡಿಸಬೇಕು. ಅಂಥ ರೂಢಿ ಇಲ್ಲದವರು ನೂರು ರೂಪಾಯಿಯ ಬಾಂಡಿನ ಮೇಲೆ ನೋಟರಿಯ ಮುದ್ರೆ ಹಾಕಿಸಿಕೊಂಡರೆ ಮದುವೆ ಮುರಿಯುವುದಿಲ್ಲ. ಮುಂದೆ ಪಿಂಚಣಿ, ಆಸ್ತಿ ಅಥವಾ ಮರುಮದುವೆಯ ಪ್ರಶ್ನೆ ಬಂದಾಗ ಹತ್ತು ವರ್ಷಗಳ ನಂತರ ಹೊಸ ದಾವೆಯೊಂದು ಹುಟ್ಟಿಕೊಳ್ಳುತ್ತದೆ. ಹಿರಿಯರ ಪಂಚಾಯ್ತಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ನಿಮ್ಮ ಗಂಡನ ಊರಿನ ಹಿರಿಯರನ್ನೂ ಕೂಡಿಸಿಕೊಂಡು, ಗಂಡನಿಂದ ಜಂಟಿ ಅರ್ಜಿಗೆ ಒಪ್ಪಿಗೆ ಕೊಡಿಸಿ, ಸಹಿಯ ದಿನ ಸಿಂಧನೂರಿಗೆ ಕರೆತರುವ ಹೊಣೆಯನ್ನು ಆ ಹಿರಿಯರಿಗೇ ವಹಿಸಿ. ವಿಳಾಸ ಹುಡುಕುವ, ನೋಟಿಸು ಮುಟ್ಟಿಸುವ ಕಷ್ಟವೇ ಆಗ ತಪ್ಪುತ್ತದೆ. ಲೋಕ ಅದಾಲತ್ತಿನಲ್ಲಿ ವಿಚ್ಛೇದನ ಕೊಡುವುದಿಲ್ಲ ಎಂಬುದು ನೆನಪಿರಲಿ. ಜೀವನಾಂಶ, ಮರುಹೊಂದಾಣಿಕೆ ಮುಂತಾದ ಕೌಟುಂಬಿಕ ವಿಷಯಗಳಷ್ಟೇ ಅಲ್ಲಿ ಇತ್ಯರ್ಥವಾಗುತ್ತವೆ.

ಡಿಕ್ರಿಯಾದ ಮೇಲಿನ ಕಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ವಿರೋಧವಿದ್ದ ಪ್ರಕರಣದಲ್ಲಿ ಕಾಯ್ದೆ ಮೇಲ್ಮನವಿಗೆ 90 ದಿನ ಕೊಡುತ್ತದೆ. ಆ ಅವಧಿ ಮುಗಿಯುವ ಮೊದಲು ಅಥವಾ ಮೇಲ್ಮನವಿ ಬಾಕಿಯಿರುವಾಗ ಮರುಮದುವೆಯಾಗಬಾರದು. ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ರಾಯಚೂರು ಜಿಲ್ಲೆಯವರು ಕಲಬುರಗಿ ಪೀಠಕ್ಕೂ, ಕೊಪ್ಪಳ ಮತ್ತು ಬಳ್ಳಾರಿಯವರು ಧಾರವಾಡ ಪೀಠಕ್ಕೂ ಹೋಗುತ್ತಾರೆ. ಇಬ್ಬರ ಒಪ್ಪಿಗೆಯ ಮೇಲೆ ಕೌಟುಂಬಿಕ ನ್ಯಾಯಾಲಯ ಕೊಟ್ಟ ಡಿಕ್ರಿಯ ಮೇಲೆ ಮೇಲ್ಮನವಿಯೇ ಇಲ್ಲ.

ವಕೀಲರನ್ನು ಮೊದಲ ಸಲ ಕಾಣಲು ಹೋಗುವಾಗ ಲಗ್ನಪತ್ರಿಕೆ, ಮದುವೆಯ ಒಂದೆರಡು ಫೋಟೊ, ಇಬ್ಬರ ಆಧಾರ್ ಪ್ರತಿ, ಮಗನ ಜನನ ಪ್ರಮಾಣಪತ್ರ, ಆಸ್ಪತ್ರೆಯ ಚೀಟಿಗಳು, ಮೂರು ಪಂಚಾಯ್ತಿಗಳ ದಿನಾಂಕ ಮತ್ತು ಕೂತವರ ಹೆಸರು, ಬಂಗಾರದ ಪಟ್ಟಿ ಇವನ್ನು ಒಯ್ಯಿರಿ. ಆದೋನಿ ಕಡೆಯ ತೆಲುಗು ಕಾಗದಗಳಿದ್ದರೆ ಅನುವಾದ ಮಾಡಿಸಿ. ಪ್ರಕರಣ ದಾಖಲಾದ ಕೂಡಲೇ ಪ್ರಕರಣದ ಗುರುತಾದ 16 ಅಕ್ಷರಗಳ ಸಿ.ಎನ್.ಆರ್. ಸಂಖ್ಯೆಯನ್ನು ಬರೆದಿಟ್ಟುಕೊಂಡರೆ, ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ವಾಯಿದೆ ಯಾವಾಗ, ನೋಟಿಸು ಯಾವ ಹಂತದಲ್ಲಿದೆ ಎಂಬುದನ್ನು ಮನೆಯಿಂದಲೇ ನೋಡಬಹುದು. ಮೊದಲ ನೋಟಿಸು ಹಿಂದೆ ಬಂದಿದೆ ಎಂದು ಅಲ್ಲಿ ಕಂಡರೆ, ಮುಂದಿನ ವಾಯಿದೆಯವರೆಗೆ ಕಾಯದೆ ಅಂದೇ ವಕೀಲರಿಗೆ ಫೋನು ಮಾಡಿ ಹೊಸ ವಿಳಾಸ ಕೊಡಿ.